ಎರವಲು ಚಕ್ರ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಎದ್ದು ಅಡುಗೆಮನೆಗೆ ಅಡ್ಡಡ್ಡ ನಡೆದುಕೊಂಡು ಹೋದಳು. ಆ ಕಿರಿದಾದ ಹಾದಿಯಲ್ಲಿ ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಪೆಡಲು ಮೊಣಕಾಲಿಗೆ ಬಡಿಯದಿರಲಿ ಎಂದು ಮದುವೆಯಾದ ಹೊಸತರಲ್ಲೇ ಕಲಿತ ನಡಿಗೆ ಅದು. ಸಾವಿನ ಮನೆಗೆ ಬಂದವರಿಗೆ ಈ ಗುಟ್ಟು ಗೊತ್ತಿರಲಿಲ್ಲ. ಒಬ್ಬೊಬ್ಬರಾಗಿ ನೆಟ್ಟಗೆ ನಡೆದು ಬಂದು ಅಯ್ಯೋ ಎಂದಿದ್ದರು. ಯಾವ ಅಯ್ಯೋ ಸತ್ತವನಿಗೆ, ಯಾವುದು ಮೊಣಕಾಲಿಗೆ ಎಂದು ಅವಳಿಗೆ ಮಾತ್ರ ತಿಳಿಯುತ್ತಿತ್ತು.

ಹಾಲು ಕಾಯಲಿಟ್ಟಳು. ಅದು ಉಕ್ಕುವವರೆಗೆ ಮಾಡುವುದಕ್ಕೇನೂ ಇರಲಿಲ್ಲ. ಹಾದಿಗೆ ಬಂದು ಹ್ಯಾಂಡಲ್ ಸ್ವಲ್ಪ ಎತ್ತಿ, ಮುಂದಿನ ಚಕ್ರವನ್ನು ಬೆರಳಿನಿಂದ ತಳ್ಳಿದಳು. ಕಪ್ಪು ಚಕ್ರ ಸದ್ದಿಲ್ಲದೆ ತಿರುಗಿತು. ಆಮೇಲೆ ಟಕ್ ಎಂದಿತು. ಇನ್ನೊಂದು ಸುತ್ತು ಬಂದು ಅದೇ ಜಾಗದಲ್ಲಿ ಮತ್ತೆ ಟಕ್.

ಅದು ಗಂಡನ ಚಕ್ರವಲ್ಲ. ಸೈಕಲ್ಲು ಅವನದು. ಅದಕ್ಕೆ ಅವನದೇ ಆದ ಇನ್ನೊಂದು ಜೊತೆ ಚಕ್ರ ಬೀರುವಿನ ಮೇಲೆ ಮಲಗಿತ್ತು, ಕಾಡುದಾರಿಗೆಂದು ಕೊಂಡದ್ದು, ಅಗಲವಾದ ಹಲ್ಲು ಹಲ್ಲಿನ ಟಯರಿನದು. ಡಾಂಬರು ರಸ್ತೆಗೆ ತೆಳ್ಳನೆಯದೊಂದು ಜೊತೆ ಆರಿಸಬೇಕೆಂದು ತಿಂಗಳುಗಟ್ಟಲೆ ಒದ್ದಾಡಿದ್ದ. ಅಲ್ಯೂಮಿನಿಯಮ್ಮಿನದು ಕೊಳ್ಳಲೋ, ಹಗುರಾದ ಕಾರ್ಬನ್ನಿನದು ಕೊಳ್ಳಲೋ? "ನನ್ನನ್ನ ಒಪ್ಪೋಕೆ ನಿಮಗೆ ಒಂದು ಸಂಜೆ ಸಾಕಾಯ್ತು" ಎಂದು ಅವಳು ಚುಚ್ಚಿದ್ದಳು. "ನಿನ್ನನ್ನ ಓಡಿಸಿ ನೋಡಿ ಆರಿಸೋ ಹಾಗಿರಲಿಲ್ಲವಲ್ಲೇ" ಎಂದಿದ್ದ ಅವನು. ಓಡಿಸಿ ನೋಡಲೆಂದೇ ಗಾಳಿಮಾಮನ ಅಂಗಡಿಯಿಂದ ಕಾರ್ಬನ್ನಿನ ಈ ಕಪ್ಪು ಜೊತೆಯನ್ನು ಎರವಲು ತಂದಿದ್ದ. ಗಾಳಿಮಾಮ ಯಾರ ಮಾಮನೂ ಅಲ್ಲ. ಎಲ್ಲರ ಸೈಕಲ್ಲಿಗೂ ಬಿಟ್ಟಿ ಗಾಳಿ ಹಾಕಿ ಹಾಕಿ ಆ ಹೆಸರು ಗಿಟ್ಟಿಸಿದವನು.

ಆ ಚಕ್ರಗಳ ಮೇಲೆ ಗಂಡ ಬೆಟ್ಟ ಹತ್ತಿದ. ಇಳಿಯುವಾಗ ಮುಂದಿನ ಟಯರು ಸಿಡಿಯಿತು. ಕಲ್ಲು ಚುಚ್ಚಿರಬೇಕು ಎಂದರು ಜೊತೆಗಿದ್ದವರು. ಹಣೆಬರಹ ಎಂದರು ಅತ್ತೆ.

ಅವಳು ಬಗ್ಗಿ ರಿಮ್ಮಿನ ಅಂಚಿನ ಮೇಲೆ ಬೆರಳೆಳೆದಳು. ನುಣ್ಣಗಿದ್ದ ಅಂಚು ಒಂದು ಕಡೆ ಉಬ್ಬಿತ್ತು. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಮತ್ತೆ ಹೊರಗೆ ಬರುತ್ತಿತ್ತು, ಉಸಿರಾಡುವ ಹಾಗೆ. ಪಕ್ಕದಲ್ಲಿ ಬ್ರೇಕಿನ ರಬ್ಬರು. ಅದರ ಮೈಯಲ್ಲಿ ಬೆಳ್ಳಿಯ ಪುಡಿಯಂಥ ಚೂರುಗಳು ಕಚ್ಚಿಕೊಂಡು ಮಿಂಚುತ್ತಿದ್ದವು. ಬೀರುವಿನ ಮೇಲಿದ್ದ ಹಳೆಯ ಅಲ್ಯೂಮಿನಿಯಂ ಚಕ್ರವನ್ನು ಉಜ್ಜಿದ ರಬ್ಬರು ಅದು.

ಕಾರ್ಬನ್ ರಿಮ್ಮಿಗೆ ಬೇರೆಯದೇ ರಬ್ಬರು ಬೇಕು ಎಂದು ಗಂಡ ಒಂದು ಸಲ ಊಟದ ನಡುವೆ ವಿವರಿಸಿದ್ದ. ಇಲ್ಲದಿದ್ದರೆ ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ರಿಮ್ಮು ಕಾದು ಮೆತ್ತಗಾಗುತ್ತದೆ, ಒಳಗಿನ ಗಾಳಿ ಅದನ್ನು ಹೊರಗೆ ದೂಡುತ್ತದೆ, ಟಯರು ಹಿಡಿತ ತಪ್ಪಿ ಸಿಡಿಯುತ್ತದೆ. ಅವಳು ಹೂಂ ಹೂಂ ಎಂದಿದ್ದಳು. ಅಷ್ಟು ತಿಳಿದವನು ರಬ್ಬರು ಯಾಕೆ ಬದಲಾಯಿಸಲಿಲ್ಲ?

"ಅತ್ತಿಗೆ, ಹಾಲು!"

ಮೈದುನ ಓಡಿಬಂದು ಒಲೆ ಆರಿಸಿದ. ಕಾಲಿಗೆ ಅಣ್ಣನ ಸೈಕಲ್ ಬೂಟು ಏರಿಸಿಕೊಂಡಿದ್ದ. ಒಂದು ಅಳತೆ ದೊಡ್ಡದು, ಟಕಟಕ ಅನ್ನುತ್ತಿತ್ತು.

"ಇದೇನು ವೇಷ?"

"ಅಭ್ಯಾಸ ಮಾಡ್ಕೋತಿದೀನಿ. ಭಾನುವಾರ ನಮ್ಮ ಗುಂಪು ಬೆಟ್ಟಕ್ಕೆ ಹೋಗತ್ತಲ್ಲ? ಸತ್ತವರ ಮನೆಯವರು ಯಾರಾದ್ರೂ ಅವರ ಸೈಕಲ್ಲಲ್ಲಿ ಮುಂದೆ ಇಳೀಬೇಕು, ಉಳಿದವರು ಮಾತಾಡದೆ ಹಿಂದೆ ಬರಬೇಕು. ನಮ್ಮಲ್ಲಿ ಹಾಗೇನೇ. ಅಣ್ಣನ ಪರವಾಗಿ ನಾನು."

"ಯಾವ ಚಕ್ರದಲ್ಲಿ?"

"ಇದರಲ್ಲೇ! ಗಾಳಿಮಾಮನೇ ಹೊಸ ಟ್ಯೂಬು ಟಯರು ಹಾಕಿಕೊಟ್ಟಿದ್ದಾರೆ. ಚಕ್ರ ಈಗಲೇ ವಾಪಸ್ ಬೇಡ, ಅಣ್ಣ ಅರ್ಧಕ್ಕೆ ಬಿಟ್ಟ ಇಳಿಜಾರು ನೀನು ಮುಗಿಸು ಅಂದ್ರು."

ಅವಳು ಒಲೆಯ ಮೇಲೆ ಹರಿದ ಹಾಲನ್ನು ಒರೆಸಿದಳು. "ಅಗಲದ ಚಕ್ರ ಹಾಕ್ಕೊಂಡು ಹೋಗು. ಅದೂ ಅಣ್ಣಂದೇ."

"ಡಾಂಬರಲ್ಲಿ ಅದನ್ನ ತುಳಿಯೋದು ಕೆಸರಲ್ಲಿ ಎಮ್ಮೆ ಎಳೆದ ಹಾಗೆ. ನಾನು ತುದಿ ಮುಟ್ಟೋಷ್ಟರಲ್ಲಿ ಸೋಮವಾರ ಆಗಿರತ್ತೆ."

"ಇದರ ರಿಮ್ಮು ಉಬ್ಬಿದೆ ಕಣೋ. ಮುಟ್ಟಿ ನೋಡು."

"ಬಿದ್ದ ಏಟಿಗೆ ಸ್ವಲ್ಪ ಹಾಗಾಗಿರತ್ತೆ. ಮಾಮ ನೋಡಿದಾರಲ್ಲ, ಅವರಿಗಿಂತ ನಿಮಗೆ ಗೊತ್ತಾ ಅತ್ತಿಗೆ?" ಎಂದವನು ಅವಳ ಮುಖ ನೋಡಿ ದನಿ ಇಳಿಸಿದ. "ಹೆದರಬೇಡಿ. ನಾನು ನಿಧಾನಕ್ಕೆ ಇಳೀತೀನಿ. ದಾರಿಯುದ್ದಕ್ಕೂ ಬ್ರೇಕ್ ಹಿಡ್ಕೊಂಡೇ ಇರ್ತೀನಿ."

ಅವಳು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು ಬ್ರೇಕಿನ ರಬ್ಬರಿನತ್ತ ನೋಡಿದಳು.

ಅವನು ಸ್ನಾನಕ್ಕೆ ಹೋದ. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿದ ಮೇಲೆ ಅವಳು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಳು. ಚಕ್ರ ಬಿಚ್ಚುವುದನ್ನು ಗಂಡನೇ ಕಲಿಸಿದ್ದ. ಚಕ್ರದ ನಡುವಿನ ಸನ್ನೆಕೋಲು ಎಳೆ, ತಿರುಗಿಸು, ಎತ್ತು. ಒಂದೊಂದು ಭುಜಕ್ಕೆ ಒಂದೊಂದು ಚಕ್ರ ಹಾಕಿಕೊಂಡು ಬೀದಿಗಿಳಿದಳು. ಅವು ಎಷ್ಟು ಹಗುರಾಗಿದ್ದವೆಂದರೆ ಬಿದ್ದುಹೋದವೇನೋ ಎಂದು ಎರಡು ಸಲ ತಿರುಗಿ ನೋಡಿದಳು.

ಗಾಳಿಮಾಮನ ಅಂಗಡಿಯ ಮಾಡಿನ ತುಂಬ ಮೊಳೆ, ಮೊಳೆಗೊಂದು ಚಕ್ರ. ಎರಡು ಮೊಳೆ ಖಾಲಿ ಇದ್ದವು.

"ಅಯ್ಯೋ, ನೀನ್ಯಾಕಮ್ಮ ಹೊತ್ಕೊಂಡು ಬಂದೆ? ಅದು ನಿನ್ನ ಮೈದುನನಿಗೆ..."

"ಇದರ ರಬ್ಬರು ಎಲ್ಲಿ ಮಾಮ?"

ಅವನು ಮೇಜಿನ ಕೆಳಗಿನ ಡಬ್ಬಿಯತ್ತ ನೋಡಿ, ತಟ್ಟನೆ ಕಣ್ಣು ಕಿತ್ತ. "ನಿನ್ನ ಗಂಡ ಕೇಳಿದ. ಒಂದು ಬೆಟ್ಟಕ್ಕೆ ಯಾಕೋ ಅಂದೆ. ಅದನ್ನ ಹಾಕೋದು, ಹೊಂದಿಸೋದು, ಮತ್ತೆ ಬಿಚ್ಚೋದು... ಬೆಳಿಗ್ಗೆ ಹೊತ್ತಾಗಿತ್ತು. ನಾವೆಲ್ಲ ಹಾಗೇ ಇಳಿದವರೇ ಕಣಮ್ಮ. ಯಾರಿಗೂ ಏನೂ ಆಗಿರಲಿಲ್ಲ."

ಅವಳು ಅವನ ಹೆಬ್ಬೆರಳು ಹಿಡಿದು ಉಬ್ಬಿನ ಮೇಲಿಟ್ಟು ಒತ್ತಿಸಿದಳು. ರಿಮ್ಮು ಒಳಗೆ ಹೋಯಿತು, ಹೊರಗೆ ಬಂತು.

"ಟ್ಯೂಬು ಹಾಕುವಾಗ ಕೈಗೆ ಸಿಗಲಿಲ್ವಾ?"

"ಕಣ್ಣು ಮಂಜಾಗಿತ್ತು" ಎಂದ ಅವನು. ಅವಳು ಕೇಳಿದ್ದು ಕೈಯ ವಿಷಯ. "ಆಯ್ತಮ್ಮ. ಇನ್ನು ಇದನ್ನ ಯಾರಿಗೂ ಕೊಡಲ್ಲ. ಆಣೆಗೂ ಕೊಡಲ್ಲ."

ಹಾಗೆಂದು ಕೈ ಎತ್ತಿ ಅದನ್ನು ಖಾಲಿ ಮೊಳೆಗೆ ನೇತುಹಾಕಿದ. ಉಳಿದವುಗಳ ಸಾಲಿನಲ್ಲಿ ಅದು ಸ್ವಲ್ಪ ತೂಗಾಡಿ ನಿಂತಿತು. ನೋಡಿದರೆ ಎಲ್ಲಕ್ಕಿಂತ ಚೆಂದದ ಚಕ್ರ. ಯಾರು ಬಂದರೂ ಮೊದಲು ಅದಕ್ಕೇ ಕೈಚಾಚುವರು.

"ಕೊಡಲ್ಲ ಅಂದ್ಮೇಲೆ ಅಲ್ಲಿ ಯಾಕೆ ಹಾಕಿದ್ರಿ?"

ಗಾಳಿಮಾಮ ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ಗರಗಸ ಕೊಡಿ" ಎಂದಳು ಅವಳು.

"ಬೇಡ ತಾಯಿ."

"ಟಯರು ಬಿಚ್ಚಿ. ಗಟ್ಟಿಯಾಗಿ ಹಿಡ್ಕೊಳ್ಳಿ. ನನಗೆ ಒಬ್ಬಳಿಗೆ ಆಗಲ್ಲ."

ಅವನು ಬಿಚ್ಚಿದ. ಹಿಡಿದುಕೊಂಡ. ಗರಗಸ ಅವಳಂದುಕೊಂಡದ್ದಕ್ಕಿಂತ ಸಲೀಸಾಗಿ ಇಳಿಯಿತು. ಕಪ್ಪು ಪುಡಿ ಇಬ್ಬರ ಬೆರಳಿಗೂ ಮೆತ್ತಿತು. ಅವಳ ಜೇಬಿನಲ್ಲಿ ಫೋನು ನಡುಗಿತು, ಮೈದುನನೇ ಇರಬೇಕು, ನಡುಗಿ ನಡುಗಿ ಸುಮ್ಮನಾಯಿತು. ಕೊನೆಯ ಎಳೆತಕ್ಕೆ ಕಡ್ಡಿಗಳ ಬಿಗಿ ಒಮ್ಮೆಲೇ ಬಿಟ್ಟು, ಚಕ್ರ ಚಟ್ಟೆಂದು ಸೊಟ್ಟಗಾಗಿ ಸತ್ತ ಹಲ್ಲಿಯ ಹಾಗೆ ಮುರುಟಿಕೊಂಡಿತು.

ಹಿಂದಿನ ಚಕ್ರದ ಟಯರನ್ನು ಈ ಸಲ ಗಾಳಿಮಾಮ ಹೇಳಿಸಿಕೊಳ್ಳದೆ ಬಿಚ್ಚಿದ.

ಅದೂ ಮುಗಿದ ಮೇಲೆ ಅವಳು ಎರಡನ್ನೂ ಒಂದರ ಮೇಲೊಂದು ಪೇರಿಸಿ, ಎರಡು ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದಳು.

"ತಗೊಳ್ಳಿ. ನಮ್ಮ ಮನೆಯವರು ಎರವಲು ತಂದಿದ್ದು."

ಗಾಳಿಮಾಮ ಅವನ್ನು ಇಸಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದ.