ಹಳದಿ ಕಡ್ಡಿಗಳು

ಹಳದಿ ಬಣ್ಣವೇ ಮಾಯವಾಗಿತ್ತು. ಪ್ರಯೋಗಾಲಯದಲ್ಲಿ ಅವಳು ಕಂಪ್ಯೂಟರಿನ ಹತ್ತಿರ ಮುಖ ತಂದು ಮತ್ತೆ ನೋಡಿದಳು. ಪರದೆಯ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ಕಡ್ಡಿಗಳು, ರಕ್ತ ಕೊಟ್ಟವರಿಗೆ ತಲಾ ಒಂದು. ಯಾರಲ್ಲಿ ಯಾವ ಪೂರ್ವಜರ ಪಾಲು ಎಷ್ಟು ಎಂದು ಬಣ್ಣಗಳು ಹೇಳುತ್ತವೆ. ನಿನ್ನೆಯವರೆಗೆ ಉಪ್ಪಿನ ಗದ್ದೆಯವರ ಕಡ್ಡಿಗಳು ಹೆಚ್ಚುಕಡಿಮೆ ಅಪ್ಪಟ ಹಳದಿ. ಈಗ ಅವೂ ಪಕ್ಕದ ಊರಿನವರ ಹಾಗೆಯೇ ಒಂದಿಷ್ಟು ನೀಲಿ, ಒಂದಿಷ್ಟು ಕೆಂಪು.

ಗೋಡೆಯಾಚೆಯ ಸಭೆಯ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದಾಯಿತು. ಗದ್ದೆಯವರು ಬಂದಿದ್ದರು. ತಾವು ಬೇರೆಯೇ ಜನ, ಮೊದಲಿನಿಂದ ಈ ತೀರದವರು ಎಂದು ಕೋರ್ಟಿನಲ್ಲಿ ತೋರಿಸಿದರೆ ಗದ್ದೆ ಕೈತಪ್ಪುವುದಿಲ್ಲ ಎಂದು ವಕೀಲರು ಅವರಿಗೆ ಹೇಳಿದ್ದರು. ಹಳದಿಯ ಸುದ್ದಿಯನ್ನು ಅವಳ ಪ್ರೊಫೆಸರ್ ಫೋನಿನಲ್ಲೇ ತಿಳಿಸಿಬಿಟ್ಟಿದ್ದರು.

ಆ ಬಣ್ಣ ಅಷ್ಟು ಅಪ್ಪಟವಾಗಿರುವುದೇ ಅವಳಿಗೆ ಅನುಮಾನ ಹುಟ್ಟಿಸಿತ್ತು. ರಕ್ತ ಕೊಟ್ಟವರಲ್ಲಿ ಹತ್ತಿರದ ರಕ್ತಸಂಬಂಧಿಗಳನ್ನು ಹುಡುಕಿ, ಅವರಲ್ಲಿ ಒಬ್ಬಿಬ್ಬರನ್ನಷ್ಟೇ ಉಳಿಸಿ, ಲೆಕ್ಕವನ್ನು ಮತ್ತೆ ಓಡಿಸಿದ್ದಳು.

ಊರಿನವರನ್ನು ರಕ್ತ ಕೊಡಲು ಕರೆತಂದಿದ್ದ ನರ್ಸಮ್ಮ ಕಾರಿಡಾರಿನಲ್ಲಿ ಚಪ್ಪಲಿಯ ಮರಳು ಕೊಡವುತ್ತಿದ್ದರು. ಆಕೆಯೂ ಗದ್ದೆಯವರ ಮಗಳೇ.

"ಸಿಸ್ಟರ್, ಸಂಬಂಧಿಕರು ಬೇಡ ಅಂತ ಹೇಳಿದ್ವಲ್ಲ?"

"ಅಪ್ಪ-ಮಕ್ಕಳು, ಅಣ್ಣ-ತಮ್ಮ ಬೇಡ ಅಂದ್ರಿ. ನಾನೆಲ್ಲಿ ಕರೆದೆ? ಚಿಕ್ಕಮ್ಮನ ಮಕ್ಕಳು, ದೊಡ್ಡಮ್ಮನ ಮೊಮ್ಮಕ್ಕಳು, ಸೋದರತ್ತೆ ಮನೆಯವರು, ಅಷ್ಟೇ."

"ಅವರೂ ಸಂಬಂಧಿಕರೇ ಅಲ್ವಾ?"

"ಅವರನ್ನ ಯಾರಾದ್ರೂ ಸಂಬಂಧಿಕರು ಅಂತಾರಾ? ಅವರು ನಮ್ಮವರು." ನರ್ಸಮ್ಮ ನಕ್ಕರು. "ಬೇರೆಯವರಾದ್ರೆ ಯಾಕೆ, ಏನು ಅಂತ ನೂರು ಪ್ರಶ್ನೆ. ನಮ್ಮವರು ಕರೆದ ತಕ್ಷಣ ಬಂದ್ರು." ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. "ಏನಾಯ್ತಮ್ಮ?"

ಅವಳು ಒಳಗಿನಿಂದ ಕಂಪ್ಯೂಟರ್ ಎತ್ತಿಕೊಂಡು ಪ್ರೊಫೆಸರರ ಕೋಣೆಗೆ ನಡೆದಳು.

"ಆ ಹಳದಿ ಬೇರೆ ಜನದ್ದಲ್ಲ ಸರ್, ಒಂದೇ ಮನೆಯದ್ದು."

ಅವರು ಹೊಸ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇವತ್ತು ಹಳೇದನ್ನೇ ತೋರ್ಸು. ತಿದ್ದೋದು ಆಮೇಲೆ ಇದ್ದೇ ಇದೆ."

"ತೋರಿಸಿದ್ರೆ ಅದನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗ್ತಾರೆ. ಎದುರು ಕಡೆಯ ವಕೀಲರು ಒಂದೇ ಏಟಿಗೆ ಮುರಿದು ಹಾಕ್ತಾರೆ."

"ಒಳಗೆ ಕೂತಿರೋರ ಮುಖ ನೋಡಿದ್ಯಾ?"

"ನೋಡಿದೀನಿ ಸರ್."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹಾಗಾದ್ರೆ ನೀನೇ ಹೇಳು."

ಸಭೆಯ ಕೋಣೆಯ ಮುಂದಿನ ಸಾಲಿನಲ್ಲಿ ಊರಿಗೆಲ್ಲ ದೊಡ್ಡಪ್ಪ ಅನ್ನಿಸಿಕೊಂಡ ಹಿರಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಅವಳು ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ಹೊಸ ಚಿತ್ರವನ್ನೇ ತೋರಿಸಿದಳು. ಕಂಪ್ಯೂಟರಿಗೆ ಮನೆ ಯಾವುದು, ಊರು ಯಾವುದು ಗೊತ್ತಾಗುವುದಿಲ್ಲ, ಯಾರು ಯಾರನ್ನು ಹೋಲುತ್ತಾರೆ ಎಂಬುದಷ್ಟೇ ಗೊತ್ತು. ಒಂದೇ ಮನೆಯವರು ಗುಂಪಾಗಿ ಸಿಕ್ಕಿದರೆ ಅವರಿಗೆಂದೇ ಒಂದು ಬಣ್ಣ ಕೊಟ್ಟುಬಿಡುತ್ತದೆ ಎಂದು ತಡವರಿಸುತ್ತ ವಿವರಿಸಿದಳು. ನರ್ಸಮ್ಮ ತಲೆ ತಗ್ಗಿಸಿದ್ದರು.

"ನೀವು ಇಲ್ಲಿಯವರಲ್ಲ ಅಂತ ಇದು ಹೇಳ್ತಿಲ್ಲ," ಎಂದಳು. "ಹೌದು ಅಂತಾನೂ ಹೇಳೋಕೆ ಬರಲ್ಲ."

"ನಮ್ಮ ಕಡ್ಡಿಗಳು ಇಷ್ಟೇನಾ?" ದೊಡ್ಡಪ್ಪ ಕೇಳಿದ.

"ಒಂದೇ ಮನೆಯವರಲ್ಲಿ ಒಬ್ಬಿಬ್ಬರನ್ನ ಇಟ್ಕೊಂಡು ಉಳಿದವರನ್ನ ಬಿಟ್ಟಿದೀವಿ."

"ನಮ್ಮ ಮನೆಯೋರು ಆ ಮನೆಗೆ ಸೇರಿದೋರಲ್ಲ. ರಕ್ತ ಕೊಡೋಕೆ ನಮ್ಮನ್ನ ಯಾರೂ ಕರೀಲೇ ಇಲ್ಲ."

ಪ್ರೊಫೆಸರ್ ಕಿಟಕಿಯ ಕಡೆ ತಿರುಗಿದರು. ದೊಡ್ಡಪ್ಪ ಎದ್ದು ಅವಳ ಮೇಜಿನ ಹತ್ತಿರ ಬಂದು, ತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈಯ ಮೇಲಕ್ಕೆ ಮಡಚತೊಡಗಿದ. ಇಸ್ತ್ರಿಯ ಗೆರೆ ಕೆಡದ ಹಾಗೆ ನಿಧಾನವಾಗಿ ಮಡಚಿದ. ಆಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಕೈ ಚಾಚಿ, ನರ ಎದ್ದು ಕಾಣುವಂತೆ ಮುಷ್ಟಿ ಬಿಗಿದು ಕಾದ.