ಕೋಟೆಯ ನಗಾರಿಗೆ ಕಾದ ಗಂಟೆ

ಸುಟ್ಟ ಬತ್ತದ ಹೊಟ್ಟಿನ ವಾಸನೆ ನನ್ನ ಮೊದಲ ನೆನಪು. ನನ್ನ ಅಚ್ಚಿನ ಜೇಡಿಮಣ್ಣಿಗೆ ಹೊಟ್ಟು ಕಲಸಿ ನಾದಿದ್ದರು. ಕಾದ ಕಂಚು ಒಳಗೆ ಇಳಿದಾಗ ಅದು ಒಲೆಯ ಮೇಲೆ ಮರೆತ ಅನ್ನದಂತೆ ಸೀದುಹೋಯಿತು. ಆ ಸೀದ ವಾಸನೆಯೊಳಗೇ ನನಗೆ ಒಂದು ಆಕಾರ ಬಂತು.

ನಾನು ಒಂದು ಬೆಂಕಿಗಂಟೆ. ದೇವರನ್ನು ಎಬ್ಬಿಸುವ ಗಂಟೆಯಲ್ಲ. ಮನೆಗೆ ಬೆಂಕಿ ಬಿದ್ದಾಗ ಮನುಷ್ಯರನ್ನು ಎಬ್ಬಿಸುವ ಗಂಟೆ. ನನಗೆ ನಾಲಿಗೆಯಿಲ್ಲ. ಯಾರಾದರೂ ಮರದ ಕೊಡತಿಯಿಂದ ಹೊರಗಿನಿಂದ ಬಡಿದರೆ ಮಾತ್ರ ನಾನು ಕೂಗಬಲ್ಲೆ. ನಾನು ಹುಟ್ಟಿದ ದಿನ ಕಂಚು ತುಳುಕಿ ಎರಕದವನ ಪಾದದ ಮೇಲೆ ಬಿತ್ತು. ಅವನು ಕಿರುಚಲಿಲ್ಲ, ಅಚ್ಚು ತುಂಬುವವರೆಗೆ ಮೂಸೆಯನ್ನು ಓರೆ ಮಾಡಿ ಹಿಡಿದೇ ಇದ್ದ. ಅವನ ಹೆಂಡತಿ ಆ ಸಂಜೆಯೆಲ್ಲ ಪಕ್ಕದಲ್ಲಿ ಕೂತು ಬೆಂದ ಪಾದಕ್ಕೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು.  ನಾನು ತಣ್ಣಗಾದದ್ದು ಬೀಸಣಿಗೆಯ ಸದ್ದನ್ನು ಕೇಳುತ್ತಾ.

ನನ್ನನ್ನು ಕೊಂಡೊಯ್ದದ್ದು ಜಪಾನಿನ ಹಿನೋಕುರಾ ಎಂಬ ಊರಿಗೆ. ಗುಡ್ಡದ ಮೇಲೆ ಬಿಳಿಗೋಡೆಯ ಕೋಟೆ, ಅದರ ಸುತ್ತ ನೀರು ತುಂಬಿದ ಕಂದಕ, ಕಂದಕದಾಚೆ ಸೊಂಟಕ್ಕೆ ಕತ್ತಿ ಕಟ್ಟುವ ಯೋಧರ ಮನೆಗಳು, ಅದಕ್ಕೂ ಕೆಳಗೆ ಕಸುಬಿನವರ ಕೇರಿಗಳು. ಹೊಳೆಯ ಪಕ್ಕದ್ದು ಬಣ್ಣಗಾರರ ಕೇರಿ. ಅಲ್ಲಿ ನೀಲಿ ಬಣ್ಣದ ಹಂಡೆಗಳು, ಒಣಹುಲ್ಲಿನ ಮಾಡುಗಳು, ನೀಲಿಗಟ್ಟಿದ ಕೈಗಳು. ಎತ್ತರದ ಏಣಿಯ ತುದಿಗೆ ಒಂದು ಅಟ್ಟಣಿಗೆ ಕಟ್ಟಿ ನನ್ನನ್ನು ಅಲ್ಲಿ ತೂಗುಹಾಕಿದರು.

ಮೊದಲ ದಿನವೇ ಒಂದು ಕಟ್ಟಳೆ ಓದಿ ಹೇಳಿದರು. ಬೆಂಕಿ ಕಂಡರೂ ನಾನು ಕೂಗುವಂತಿಲ್ಲ. ಮೊದಲು ಕೋಟೆಬಾಗಿಲಿನ ಮೇಲಿನ ನಗಾರಿ ಬಡಿಯಬೇಕು. ದೊರೆಗೆ ತಿಳಿಯದ ಬೆಂಕಿ ಊರಿಗೆ ತಿಳಿಯಬಾರದು. ನಗಾರಿಗೆ ಮೊದಲು ಗಂಟೆ ಬಡಿದವನಿಗೆ ಶಿಕ್ಷೆ.

ತೊಕುಜೊ ಎಂಬ ಕಾವಲುಗಾರ ಒಮ್ಮೆ ಬಡಿದ. ಎಣ್ಣೆಗಾಣದ ಮನೆಗೆ ಬೆಂಕಿ ಹತ್ತಿತ್ತು. ಕೋಟೆಯ ಕಾವಲಿನವರು ಹಬ್ಬದ ಮದ್ಯ ಕುಡಿದು ಮಲಗಿದ್ದರು. ತೊಕುಜೊ ಒಂದು ಸಲ ಗುಡ್ಡದ ಕಡೆ ನೋಡಿದ, ಒಂದು ಸಲ ಕೇರಿಯ ಕಡೆ ನೋಡಿದ, ಕೊಡತಿ ಎತ್ತಿದ. ಇಡೀ ಕೇರಿ ಉಳಿಯಿತು. ಮರುವಾರ ಸೇತುವೆಯ ಬುಡದಲ್ಲಿ, ಆ ಕೇರಿಯವರನ್ನೆಲ್ಲ ನಿಲ್ಲಿಸಿಕೊಂಡೇ, ಅವನ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಕಡಿದರು. ಎರಡು ಏಟು ಬೇಕಾಯಿತು.

ಆಮೇಲೆ ತೊಕುಜೊ ಯಾರ ಮನೆಗೆ ಊಟಕ್ಕೆ ಹೋದರೂ ಊಟದ ಕಡ್ಡಿಗಳನ್ನು ಎಡಗಡೆಗೆ ಇಟ್ಟಿರುತ್ತಿದ್ದರು. ಹಾಗೆ ಇಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಅವನ ಜಾಗಕ್ಕೆ ಬಂದವನು ಅವನ ತಮ್ಮ ಗೊಂಜೊ. ಮೆದು ಸ್ವಭಾವದವನು. ಹೆಂಡತಿ ಒತಾಮಿ, ಮಡಿಲಲ್ಲಿ ಒಂದು ಹೆಣ್ಣುಕೂಸು. ಏಣಿ ಹತ್ತುವಾಗಲೆಲ್ಲ ಗೊಂಜೊ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದ.

ಹಳೆಯ ಆಳ್ವಿಕೆ ಮುರಿದು ಚಕ್ರವರ್ತಿಯ ಸೈನ್ಯ ಊರೂರಿಗೆ ನುಗ್ಗಿದ ವರ್ಷ ಅದು. ನಮ್ಮ ದೊರೆ ಶರಣಾಗಲಿಲ್ಲ. ಹೊಳೆಯಾಚೆ ಫಿರಂಗಿಗಳು ಬಂದು ನಿಂತವು. ಮೂರನೆಯ ಮಧ್ಯಾಹ್ನ ಒಂದು ಗುಂಡು ಕೋಟೆಬಾಗಿಲಿಗೇ ಬಡಿಯಿತು. ನಗಾರಿ ಇದ್ದ ಮನೆ ಬಾಯಿ ತೆರೆದಂತೆ ಸೀಳಿ ಉರಿಯತೊಡಗಿತು. ಅಲ್ಲಿಂದ ಕಿಡಿಗಳು ಗಾಳಿಗೆ ಹಾರಿ ಕಂದಕ ದಾಟಿ ಕೇರಿಯ ಹುಲ್ಲುಮಾಡುಗಳ ಮೇಲೆ ಇಳಿದವು. ಗುಂಡಿಗೆ ಹೆದರಿ ಜನ ಮನೆಯೊಳಗೆ ಕದ ಹಾಕಿಕೊಂಡು ಕೂತಿದ್ದರು. ತಮ್ಮ ತಲೆಯ ಮೇಲಿನ ಮಾಡು ಹೊತ್ತಿದ್ದು ಅವರಿಗೆ ಗೊತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಗೊಂಜೊನಿಗೂ ಕಾಣುತ್ತಿತ್ತು.

ಅವನು ಕೊಡತಿ ಹಿಡಿದು ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದ.

"ಗೊಂಜೊ, ಬಡಿಯೋ," ಎಂದು ತೊಕುಜೊ ಕೆಳಗಿನಿಂದ ಕೂಗಿದ.

"ನಗಾರಿ ಇನ್ನೂ ಕೇಳಿಸಿಲ್ಲ, ಅಣ್ಣ."

"ನಗಾರಿ ಮನೇನೇ ಉರೀತಿದೆಯಲ್ಲೋ. ಸುಟ್ಟ ಚರ್ಮ ಎಲ್ಲಾದರೂ ಸದ್ದು ಮಾಡುತ್ತಾ?"

"ನಿನ್ನ ಕೈ ಏನಾಯ್ತು ಅಂತ ನೋಡಿದೀನಿ. ನಂಗೆ ಹೆಂಡ್ತಿ, ಮಗು ಇದಾರೆ."

"ಇರ್ತಾರೆ, ಅವರು ಉಳಿದ್ರೆ."

ಗೊಂಜೊ ಬಡಿಯಲಿಲ್ಲ. ಅಪ್ಪಣೆ ಕೊಡಬೇಕಾದ ಕೋಟೆ ಕಣ್ಣೆದುರೇ ಉರಿಯುತ್ತಿತ್ತು. ಅವನು ಅದರ ಅಪ್ಪಣೆಗೇ ಕಾಯುತ್ತಿದ್ದ. ತೊಕುಜೊ ಒಂದೇ ಕೈಯಲ್ಲಿ ಏಣಿ ಹತ್ತತೊಡಗಿದ. ಪ್ರತಿ ಮೆಟ್ಟಿಲಿಗೂ ಮೊಂಡುಗೈಯನ್ನು ಸುತ್ತಿ, ಗಲ್ಲ ಆನಿಸಿ, ಮೇಲೆ ಬಂದ. ತಮ್ಮನನ್ನು ಹೆಗಲಿನಿಂದ ನೂಕಿ, ಕೊಡತಿ ಕಿತ್ತುಕೊಂಡು, ಎಡಗೈಯಲ್ಲಿ ನನ್ನನ್ನು ಬಡಿದ. ನಾನು ಕೂಗಿದೆ. ಆ ಹೊತ್ತಿಗೆ ಅರ್ಧ ಕೇರಿ ಉರಿಯುತ್ತಿತ್ತು.

ಒತಾಮಿ ಕೂಸನ್ನು ನೀಲಿ ಹಂಡೆಯಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ ಗೋಡೆಯಾಚೆಗೆ, ಪಕ್ಕದ ಮನೆಯವಳ ಕೈಗೆ ಎಸೆದಳು. ತಾನು ಗೋಡೆ ಹತ್ತುವ ಮೊದಲೇ ಮಾಡು ಕುಸಿಯಿತು.

ಸಂಜೆ ಗೊಂಜೊ ಇಳಿದು ಬಂದ. ಕೇರಿಯಲ್ಲಿ ಉಳಿದವರು ಬಟ್ಟೆ ಒಣಹಾಕುವ ಬಿದಿರುಗಳನ್ನು ಹಿಡಿದು ಅವನಿಗಾಗಿ ನಿಂತಿದ್ದರು. ಅವನ ದವಡೆ ಮುರಿಯಿತು, ಒಂದು ಕಣ್ಣು ಹೋಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ ತೊಕುಜೊ ಬಂದು ತಮ್ಮನ ಮೈಮೇಲೆ ಅಡ್ಡಬಿದ್ದು ಮಲಗಿದ. ಒಂದಷ್ಟು ಏಟು ಅವನಿಗೂ ಬಿದ್ದವು. ಆಮೇಲೆ ಬಿದಿರುಗಳು ನಿಂತವು. ಗೊಂಜೊ ಬದುಕಿದ. ಮತ್ತೆ ಏಣಿ ಹತ್ತಲಿಲ್ಲ.

ಕೋಟೆಯ ಕಾಲ ಮುಗಿಯಿತು. ಕಂದಕ ಮುಚ್ಚಿ ರಸ್ತೆ ಮಾಡಿದರು. ಗುಡ್ಡದ ಮೇಲೆ ಸೈನ್ಯದ ಠಾಣ್ಯ ಬಂತು. ಕತ್ತಿಯವರು ಹೋದರು, ಬಂದೂಕಿನವರು ಬಂದರು. ನನಗೆ ಹೊಸ ಅಟ್ಟಣಿಗೆ ಕಟ್ಟಿದರು. ನಡುವಿನ ಹಲವು ವರ್ಷ ನಾನು ಸಣ್ಣಪುಟ್ಟ ಬೆಂಕಿಗಳಿಗೆ ಕೂಗಿಕೊಂಡು, ಗುಬ್ಬಿಗಳಿಗೆ ನೆರಳು ಕೊಟ್ಟುಕೊಂಡು ಇದ್ದೆ.

ಆಮೇಲೆ ದೊಡ್ಡ ಯುದ್ಧ ಬಂತು. ದೇವಸ್ಥಾನಗಳ ಗಂಟೆಗಳನ್ನೆಲ್ಲ ಕರಗಿಸಲು ಗಾಡಿಯಲ್ಲಿ ಹೇರಿಕೊಂಡು ಹೋದರು. ವಿಮಾನ ಬಂದರೆ ಎಚ್ಚರಿಸಲು ಬೇಕೆಂದು ನನ್ನನ್ನು ಬಿಟ್ಟರು. ಜೊತೆಗೆ ಒಂದು ಕಟ್ಟಳೆಯನ್ನೂ ತಂದರು. ಗುಡ್ಡದ ಮೇಲಿನ ಸೈರನ್ ಮೊದಲು ಕೂಗಬೇಕು, ಆಮೇಲೆ ನಾನು.

ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಏಣಿ ಹತ್ತಿದವಳು ಶಿನಾ. ನೀಲಿಬಟ್ಟೆಯಲ್ಲಿ ಗೋಡೆ ದಾಟಿ ಉಳಿದ ಆ ಕೂಸಿನ ಮೊಮ್ಮಗಳು. ಗಂಡ ಹಡಗಿನೊಂದಿಗೆ ಮುಳುಗಿದ್ದ. ಗೊಂಜೊನ ಕತೆಯನ್ನು ಅಜ್ಜಿಯ ಬಾಯಿಂದ ಕೇಳಿಕೊಂಡೇ ಬೆಳೆದವಳು. ಅವಳು ನನ್ನನ್ನು ಹಳೆಯ ಬಟ್ಟೆಯಿಂದ ಒರೆಸುವಾಗ ಕೆಳಗಿನ ಹೆಂಗಸರು ತಮಾಷೆ ಮಾಡುತ್ತಿದ್ದರು.

"ಶಿನಾ, ನಿನ್ನ ಗಂಟೆಗೂ ರೇಷನ್ ಬಂತೇನೇ? ನಮಗಿಂತ ಚೆನ್ನಾಗಿ ಮೈ ಹತ್ತಿದೆ."

"ಬಂತಲ್ಲ. ನಿಮ್ಮ ಪಾಲಿನ ಗೆಣಸು ತಿಂದೇ ಇಷ್ಟು ದಪ್ಪ ಆಗಿದ್ದು."

ಒಂದು ಬೆಳಿಗ್ಗೆ ಮೋಡದ ಮೇಲೆ ಗುಂಯ್‌ಗುಟ್ಟುವ ಸದ್ದು ಕೇಳಿ, ಸೈರನ್ನಿಗೆ ಕಾಯದೆ ಶಿನಾ ಬಡಿದುಬಿಟ್ಟಳು. ಜನ ಅಡಗಲು ತೋಡಿದ್ದ ಹಳ್ಳಗಳಿಗೆ ಓಡಿದರು. ವಿಮಾನಗಳು ಬೇರೆ ಯಾವುದೋ ಊರಿಗೆ ಹೋದವು. ಕೇರಿಯ ರಕ್ಷಣೆಯ ಹೊಣೆ ಹೊತ್ತಿದ್ದವರು ಮುರಾವೊಕಾ ಮೇಷ್ಟ್ರು, ಶಾಲೆಯಲ್ಲಿ ಕವಾಯತು ಕಲಿಸುತ್ತಿದ್ದವರು. ಅವರು ಎಲ್ಲರೆದುರು ಶಿನಾಳನ್ನು ಮಂಡಿಯೂರಿಸಿದರು.

"ಯಾರ ಅಪ್ಪಣೆ?"

"ಸದ್ದು ಕೇಳಿಸ್ತು, ಮೇಷ್ಟ್ರೇ."

"ಸದ್ದು ನಿನಗೆ ಅಪ್ಪಣೆ ಕೊಡುತ್ತೇನು?"

ಕವಾಯತಿಗೆ ಬಳಸುವ ಬಿದಿರಿನ ಕತ್ತಿಯಿಂದ ಬೆನ್ನಿಗೆ, ಹೆಗಲಿಗೆ, ಆಮೇಲೆ ಕಿವಿಯ ಮೇಲೆ ಹೊಡೆದರು. ಎಡಗಿವಿಯಿಂದ ರಕ್ತ ಇಳಿಯಿತು. ಆ ಕಿವಿ ಮತ್ತೆ ಕೇಳಿಸಲಿಲ್ಲ. ಇನ್ನೊಮ್ಮೆ ಹೀಗೆ ಮಾಡಿದರೆ ಸೈನ್ಯದ ಪೊಲೀಸರಿಗೆ ಒಪ್ಪಿಸುವುದಾಗಿ ಹೇಳಿದರು. ಅಲ್ಲಿಗೆ ಹೋದವರು ಹೇಗೆ ವಾಪಸು ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಗುಂಪು ಕರಗಿದ ಮೇಲೆ, ರೇಷನ್ನಿನ ತಮಾಷೆ ಮಾಡಿದ ಅದೇ ಹೆಂಗಸು ಬಂದು, ತನ್ನ ತಲೆವಸ್ತ್ರವನ್ನು ಬಿಚ್ಚಿ ಶಿನಾಳ ಕಿವಿಗೆ ಕಟ್ಟಿ ಹೋದಳು.

ಮತ್ತೆ ವಿಮಾನಗಳು ಬಂದದ್ದು ಒಂದು ನಡುಹಗಲು. ಈ ಸಲ ಶಿನಾ ಕಣ್ಣಾರೆ ಕಂಡಳು. ಹೊಳೆಯ ತಿರುವಿನ ಮೇಲೆ ಬೆಳ್ಳಗೆ ಮಿನುಗುತ್ತಾ, ನೇರ ನಮ್ಮ ಕಡೆಗೆ. ಅವಳು ಗುಡ್ಡದ ಕಡೆ ನೋಡಿದಳು. ಸೈರನ್ ಕೂಗಲಿಲ್ಲ. ಬೆಳಿಗ್ಗೆಯಿಂದ ಊರಿಗೆ ಕರೆಂಟು ಇರಲಿಲ್ಲ. ಕರೆಂಟಿಲ್ಲದೆ ಸೈರನ್ ಕೂಗುವುದಿಲ್ಲ ಎಂಬ ಸಣ್ಣ ವಿಷಯವನ್ನು ಕಟ್ಟಳೆ ಬರೆದವರು ಯೋಚಿಸಿರಲಿಲ್ಲ.  ಅವಳ ಬೆನ್ನು ಇನ್ನೂ ರಕ್ತ ಹೆಪ್ಪುಗಟ್ಟಿ ನೀಲಿಯಾಗಿತ್ತು.

ಶಿನಾ ಬಡಿದಳು.

ಮೇಷ್ಟ್ರು ಬಿದಿರುಕತ್ತಿ ಹಿಡಿದು ಓಡಿಬಂದು ಏಣಿ ಹತ್ತಿದರು. ಅಟ್ಟಣಿಗೆಗೆ ಬಂದು ಅವಳ ಜುಟ್ಟು ಹಿಡಿದು ಹಿಂದಕ್ಕೆ ಎಳೆದರು. ಹಾಗೆ ಎಳೆಯುವಾಗ ಅವರ ಮುಖವೂ ಹೊಳೆಯ ಕಡೆ ತಿರುಗಿತು. ಅವರ ಕೈ ಸಡಿಲವಾಯಿತು. "ನಿಲ್ಲಿಸಬೇಡ," ಎಂದರು. ಇಳಿದು ಹೋಗಿ ಮನೆ ಮನೆಯ ಬಾಗಿಲನ್ನು ಒದ್ದು ಜನರನ್ನು ಹೊಳೆಗೆ ಅಟ್ಟಿದರು. ಕೇರಿಯ ಕೊನೆಯ ಮನೆಗೆ ನುಗ್ಗಿದ ಮೇಷ್ಟ್ರು ಹೊರಗೆ ಬರಲಿಲ್ಲ.

ಆಕಾಶದಿಂದ ಬೆಂಕಿ ಮಳೆಯಂತೆ ಸುರಿಯಿತು. ಹಂಡೆಗಳ ಬಣ್ಣ ಕುದಿಯಿತು. ಬೆನ್ನಿಗೆ ಬೆಂಕಿ ಹತ್ತಿದ ಒಬ್ಬ ಹೆಂಗಸು ಕೂಗದೆ ನನ್ನ ಕೆಳಗೇ ಓಡಿಹೋದಳು. ಶಿನಾ ಬಡಿಯುತ್ತಲೇ ಇದ್ದಳು. ಕೊಡತಿ ಉರಿದಾಗ ಅದನ್ನು ಬಿಸುಟು, ಕಾದು ಕೆಂಡವಾಗುತ್ತಿದ್ದ ನನ್ನನ್ನು ಬರಿ ಅಂಗೈಗಳಿಂದ ಬಡಿದಳು. ಕೈಯೇಟಿಗೆ ಕಂಚು ಎಷ್ಟು ಕೂಗೀತು? ಆದರೂ ಬಡಿದಳು. ಅಟ್ಟಣಿಗೆ ಕುಸಿದು ನಾವಿಬ್ಬರೂ ಕೆಳಗೆ ಬಿದ್ದೆವು. ನನಗೆ ಬಾಯಿಂದ ಭುಜದವರೆಗೆ ಬಿರುಕು ಬಿಟ್ಟಿತು. ಅವಳ ಅಂಗೈಗಳ ಚರ್ಮ ನನ್ನ ಮೈಗೆ ಅಂಟಿಕೊಂಡು ಉಳಿಯಿತು.

ಹೊಳೆಯಲ್ಲಿ ಕುತ್ತಿಗೆಯವರೆಗೆ ನಿಂತಿದ್ದವರು ಉಳಿದರು. ಅವರಲ್ಲಿ ನಮ್ಮ ಕೇರಿಯವರೇ ಹೆಚ್ಚು.

ಯುದ್ಧ ಸೋತ ಮೇಲೆ ನನ್ನನ್ನು ಗುಜರಿಯವನ ರಾಶಿಗೆ ಎಸೆದರು. ಅಲ್ಲಿ ಮುರಿದ ಬಾಣಲೆಗಳು, ಶಿರಸ್ತ್ರಾಣಗಳು, ನಾನು. ಒಂದು ದಿನ ಶಿನಾ ಕೈಗಾಡಿ ಎಳೆದುಕೊಂಡು ಬಂದಳು. ಗುಜರಿಯವನು ಬೆಲೆ ಕೇಳಲು ಹೊರಟವನು ಗಾಡಿಯ ಹಿಡಿ ಹಿಡಿದಿದ್ದ ಅವಳ ಸೊಟ್ಟ ಬೆರಳುಗಳನ್ನು ನೋಡಿದ.  ನನ್ನನ್ನು ತಾನೇ ಎತ್ತಿ ಗಾಡಿಗೆ ಹಾಕಿ, ಅಲುಗಾಡದಂತೆ ಪಕ್ಕಕ್ಕೆ ಒಂದು ಗೋಣಿಚೀಲ ತುರುಕಿದ.

ವರ್ಷಗಳು ಕಳೆದಂತೆ ಬಣ್ಣಗಾರರ ಕೇರಿ ಹೋಗಿ ಐದು ಮಹಡಿಯ ಕಾಂಕ್ರೀಟ್ ಕಟ್ಟಡಗಳು ಸಾಲಾಗಿ ನಿಂತವು. ಗುಡ್ಡದ ಮೇಲೆ ಕೋಟೆಯನ್ನೂ ಕಾಂಕ್ರೀಟಿನಲ್ಲೇ ಮತ್ತೆ ಕಟ್ಟಿದರು. ಒಳಗೆ ಲಿಫ್ಟ್ ಇದೆಯಂತೆ. ದೊಡ್ಡ ನಗರಕ್ಕೆ ಒಂದು ತಾಸಿನ ರೈಲು ಬಂದಮೇಲೆ ಹಿನೋಕುರಾ ಜನ ಮಲಗಲು ಮಾತ್ರ ಬರುವ ಊರಾಯಿತು. ಬೆಳಿಗ್ಗೆಯಾದರೆ ಬೂದುಬಣ್ಣದ ಕೋಟುಗಳ ಪ್ರವಾಹ ಸ್ಟೇಷನ್ನಿನ ಕಡೆ ಹರಿಯುತ್ತದೆ. ಸ್ಟೇಷನ್ನಿನಲ್ಲಿ ಬಿಳಿ ಕೈಗವಸಿನವರು ಜನರ ಬೆನ್ನಿಗೆ ಕೈಯಿಟ್ಟು ರೈಲಿನ ಡಬ್ಬಿಗಳೊಳಗೆ ದಬ್ಬುತ್ತಾರಂತೆ. ನಾಲ್ಕನೆಯ ಕಟ್ಟಡದ ನೆಲಮಹಡಿಯಲ್ಲಿ ಶಿನಾಗೆ ಒಂದು ಮನೆ ಸಿಕ್ಕಿತು. ಸೈಕಲ್ ನಿಲ್ಲಿಸುವ ಕಡೆ ಒಂದು ಕಬ್ಬಿಣದ ಚೌಕಟ್ಟಿಗೆ ಅವಳು ನನ್ನನ್ನು ಕಟ್ಟಿಸಿ, ಪಕ್ಕಕ್ಕೆ ಒಂದು ಹೊಸ ಕೊಡತಿಯನ್ನೂ ತೂಗುಹಾಕಿದಳು. ನಾನು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲವರು ನನ್ನ ಮೇಲೆ ಒದ್ದೆ ಛತ್ರಿ ತೂಗುಹಾಕುತ್ತಿದ್ದರು.

ಆ ಕಟ್ಟಡಗಳಿಗೂ ಒಂದು ಕಟ್ಟಳೆ ಇತ್ತು. ಬೆಂಕಿಯ ಅಲಾರಾಂ ಸುಮ್ಮಸುಮ್ಮನೆ ಕಿರುಚುತ್ತಿತ್ತು. ಹಾಗಾಗಿ ಧ್ವನಿವರ್ಧಕದಲ್ಲಿ ಪ್ರಕಟಣೆ ಬರುವ ತನಕ ಯಾರೂ ಗಾಬರಿಯಾಗಬಾರದು ಎಂದು ನಿವಾಸಿಗಳ ಸಂಘ ತಿಳಿಸಿತ್ತು. ಜನ ಅದಕ್ಕೆ ಒಗ್ಗಿಕೊಂಡಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಅಲಾರಾಂ ಕಿರುಚಿತು. ಯಾರೂ ಕದಲಲಿಲ್ಲ. ಮೇಲಿನ ಮನೆಗಳಲ್ಲಿ ಹಲ್ಲುಜ್ಜುವ ಸದ್ದು, ರೇಡಿಯೋ. ಮೆಟ್ಟಿಲುಗಳಿಂದ ಇಳಿದು ಬಂದ ಹೊಗೆ ಮೊದಲು ತಾಗಿದ್ದು ಕದ ತೆರೆದಿದ್ದ ಶಿನಾಳ ಮೂಗಿಗೆ. ಮುದುಕಿ ಚಪ್ಪಲಿಯಿಲ್ಲದೆ ಹೊರಗೆ ಬಂದು ಕೊಡತಿಯನ್ನು ಎರಡೂ ಸೊಟ್ಟ ಕೈಗಳ ನಡುವೆ ಅಮುಕಿ ಹಿಡಿದು ನನ್ನನ್ನು ಬಡಿದಳು. ಬಿರುಕುಬಿಟ್ಟ ನನ್ನ ದನಿ ತಗಡು ಬಡಿದಂತೆ ಇತ್ತು. ಬಾಲ್ಕನಿಗಳಿಂದ ತಲೆಗಳು ಇಣುಕಿದವು.

"ಏನ್ರೀ ಅದು ಬೆಳಬೆಳಿಗ್ಗೆ?"

"ನಾಲ್ಕನೇ ಬಿಲ್ಡಿಂಗಿನ ಅಜ್ಜಿ. ಪ್ರಕಟಣೆ ಬರಲಿ, ನೋಡೋಣ."

ರೈಲಿಗೆ ಹೊರಟಿದ್ದ ಒಬ್ಬ ತರುಣ ಚೀಲ ಹಿಡಿದು ಬಂದ. ಹೆಸರು ಇಶಿವಾತಾ. ಅದೇ ಕಟ್ಟಡದವನು, ಈಚೆಗೆ ಮಗು ಹುಟ್ಟಿತ್ತು, ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿರುತ್ತಿತ್ತು.

"ಸಾಕು ಮಾಡಿ ಅಜ್ಜಿ. ಮಗು ಈಗಷ್ಟೇ ಮಲಗಿದೆ."

ಅವಳು ನಿಲ್ಲಿಸಲಿಲ್ಲ. ಅವನು ಬಂದದ್ದು ಎಡಗಡೆಯಿಂದ. ಆ ಕಿವಿಗೆ ಏನೂ ಕೇಳಿಸುವುದಿಲ್ಲ. ಅವನು ಕೊಡತಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಕಿತ್ತು, ಅವಳನ್ನು ನೂಕಿದ. ಅವಳ ಹಣೆ ನನ್ನ ಅಂಚಿಗೆ ಬಡಿದು ಒಡೆಯಿತು. ನೆಲದ ಮೇಲೆ ಕೂತು, ರಕ್ತವನ್ನು ತೋಳಿಗೆ ಒರೆಸಿಕೊಂಡು ಅವಳು ಕೇಳಿದಳು:

"ನಿಂದು ಎಷ್ಟನೇ ಮಹಡಿ, ಮಗು?"

"ಐದು."

"ತಲೆ ಎತ್ತಿ ನೋಡಪ್ಪ."

ಅವನು ನೋಡಿದ. ನಾಲ್ಕನೆಯ ಮಹಡಿಯ ಕಿಟಕಿಯ ಗಾಜು ಸಿಡಿದು ಕಪ್ಪು ಹೊಗೆ ಮೇಲಕ್ಕೆ ಏರುತ್ತಿತ್ತು. ಧ್ವನಿವರ್ಧಕ ಮೌನವಾಗಿತ್ತು.  ಕೈಯಲ್ಲಿದ್ದ ಕೊಡತಿಯಿಂದ ಅವನೇ ನನ್ನನ್ನು ಬಡಿಯತೊಡಗಿದ. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಬಲವಾದ ಏಟುಗಳನ್ನು ನಾನು ತಿಂದಿಲ್ಲ. ಬಿರುಕು ಭುಜ ದಾಟಿ ನೆತ್ತಿಗೆ ಬಂತು. ಜನ ಮೆಟ್ಟಿಲುಗಳಲ್ಲಿ ಧಡಧಡನೆ ಇಳಿದರು. ಅವನು ಬಡಿಯುತ್ತಲೇ ಒಂದೊಂದು ಮುಖವನ್ನೂ ನೋಡುತ್ತಿದ್ದ. ಹೆಂಡತಿ ಮಗುವನ್ನು ಅಪ್ಪಿಕೊಂಡು ಹೊಗೆಯಿಂದ ಹೊರಬಂದಾಗಲೇ ಅವನ ಕೈ ನಿಂತದ್ದು. ನಾಲ್ಕನೆಯ ಮಹಡಿಯ ಆ ಮನೆಯವನು ಮಾತ್ರ ಬರಲಿಲ್ಲ.

ಎಲ್ಲರೂ ಅಂಗಳದಲ್ಲಿ ನಿಂತಿರುವಾಗ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡು, ಕಟ್ಟಡದಲ್ಲಿ ಬೆಂಕಿ ಬಿದ್ದಿದೆ, ದಯವಿಟ್ಟು ಶಾಂತವಾಗಿ ಇಳಿಯಿರಿ ಎಂದಿತು. ಯಾರೋ ನಕ್ಕರು. ನಗು ಅಲ್ಲಿಗೇ ನಿಂತುಹೋಯಿತು.

ನಾನಿನ್ನು ಕೂಗಲಾರೆ. ಬಡಿದರೆ ಹೋಳಾಗುತ್ತೇನೆ. ಅದಕ್ಕಾಗಿ ದುಃಖವಿಲ್ಲ. ಕತ್ತಿಯವರು, ಬಂದೂಕಿನವರು, ಸಂಘದವರು, ಎಲ್ಲರೂ ನನಗೆ ಯಾವಾಗ ಬಾಯಿಬಿಡಬೇಕೆಂದು ಹೇಳಿದರು. ಅಪ್ಪಣೆಗೆ ಮೊದಲೇ ನಾನು ಕೂಗಿದ್ದು ಪ್ರತಿ ಸಲವೂ ಯಾರೋ ಒಬ್ಬರು ಏಟು ತಿನ್ನಲು ಒಪ್ಪಿದ್ದರಿಂದ.

ಬೆಂಕಿಯ ಗಾಡಿಗಳು ಹೋದವು. ಶಿನಾ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಇಶಿವಾತಾ ಬಂದು ಅವಳೆದುರು ನಿಂತ. ಅವನು ಹಿಡಿಯಬೇಕಾದ ರೈಲು ಯಾವಾಗಲೋ ಹೋಗಿತ್ತು.  ಚೀಲ ತೆಗೆದು, ಕಚೇರಿಗೆಂದು ಹೆಂಡತಿ ಕಟ್ಟಿಕೊಟ್ಟಿದ್ದ ಬುತ್ತಿಯ ಗಂಟನ್ನು ಹೊರತೆಗೆದ. ಅವಳ ಬೆರಳುಗಳಿಗೆ ಗಂಟು ಬಿಚ್ಚಲು ಆಗುವುದಿಲ್ಲವೆಂದು ಕಂಡು, ಮಂಡಿಯೂರಿ ತಾನೇ ಬಿಚ್ಚಿ, ಮುಚ್ಚಳ ತೆಗೆದು, ಡಬ್ಬಿಯನ್ನು ಅವಳ ಅಂಗೈಗಳ ಮೇಲೆ ಇಟ್ಟ.