ಕೆಂಪು ದಾರದ ಟೊಮೇಟೊ

ರಾಮಕೃಷ್ಣಪ್ಪ ಮಗ ಚೆನ್ನಕೇಶವನಿಗೆ ಕೊಟ್ಟಿದ್ದು ಬಾವಿ ಪಕ್ಕದ ಒಂದು ತುಂಡು ನೆಲ. ಅದೂ ಎಂಬತ್ತೆರಡರ ಬೇಸಿಗೆಗೆ ಮಾತ್ರ.

"ಮೇ ತಿಂಗ್ಳ ಕತ್ತರಿ ಬಿಸಿಲಲ್ಲಿ ಟಮೋಟ ಕಾಯಿ ಕಚ್ತಾ, ನೆಲ ನಿಂದು. ಕಚ್ಲಿಲ್ವಾ, ಹಿಪ್ಪುನೇರಳೆ ನೆಡ್ತೀನಿ. ನಿನ್ ಬಿಎಸ್ಸಿನ ರೇಷ್ಮೆಹುಳ ತಿಂತದೆ."

ಗುಮ್ಮಳಾಪುರದವರು ಬೆಳೆಯುತ್ತಿದ್ದ ದಪ್ಪ ಹಣ್ಣಿನ ಜಾತಿ ಬೇಸಿಗೆಯಲ್ಲಿ ಹೂ ಉದುರಿಸುವುದರಲ್ಲಿ ಮಾತ್ರ ಉದಾರಿ. ಹಿತ್ತಲ ಗೋಲಿ ಟೊಮೇಟೊ ಎಂಥ ಬಿಸಿಲಿಗೂ ಜಗ್ಗದು, ಆದರೆ ಹಣ್ಣು ಗೋಲಿಯಷ್ಟೇ. ಎರಡನ್ನೂ ಕೂಡಿಸಿಯೇ ತೀರುತ್ತೇನೆಂದು ಚೆನ್ನಕೇಶವ ಹಟ ಹಿಡಿದ. ಸಂಕ್ರಾಂತಿಯ ಚಳಿಯಲ್ಲಿ ದಿನಾ ಮುಂಜಾನೆ ಬಾವಿಯಲ್ಲಿ ಮಿಂದು, ದಪ್ಪ ಜಾತಿಯ ಮೊಗ್ಗು ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಗೋಲಿ ಗಿಡದ ಪರಾಗ ಸವರಿ, ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿದ.

"ಉಸ್ರು ಬಿಡ್ಬೇಡ್ರಮ್ಮಾ! ಕಾಯಿ ನಿಲ್ಬೇಕು, ನಿಲ್ಬೇಕು!" ಎಂದು ಕಳೆ ಕೀಳುವ ಅಂಜಮ್ಮ ಅವನ ಮೂಗುದನಿಯಲ್ಲೇ ಅಣಕಿಸಿದಾಗ ಜೊತೆಯ ಹೆಂಗಸರೆಲ್ಲ ನಕ್ಕರು. ಸೊಸೆಗೆ ಬಸಿರು ನಿಲ್ಲದ ಚೆಲುವಮ್ಮ ಮಾತ್ರ ನಗಲಿಲ್ಲ.

ಅಷ್ಟರಲ್ಲಿ ಅಂಚೆಟ್ಟಿ ಕಡೆ ಮದುವೆಗೆ ಹೋದ ಚೆನ್ನಕೇಶವ ಬಸ್ಸೂ ಸಿಗದೆ ವಾರ ಕಳೆದು ಮರಳಿದ. ಗಿಡಗಳ ಮೇಲೆ ದಾರಗಳು ದುಪ್ಪಟ್ಟಾಗಿದ್ದವು. ಬದುವಿನ ಮೇಲೆ ಬಿಟ್ಟಿದ್ದ ದಾರದುಂಡೆ ಖಾಲಿ.

"ಯಾರ್ ಕಟ್ಟಿದ್ದು ಇದ್ನೆಲ್ಲಾ?"

"ಎಲ್ರೂನೂ," ಎಂದಳು ಚೆಲುವಮ್ಮ. "ನೀನು ಮಿಂದು, ನಿಲ್ಬೇಕು ನಿಲ್ಬೇಕು ಅಂತ ಕಟ್ತಿದ್ಯಲ್ಲಪ್ಪ, ಹರಕೆ ಅಂದ್ಕೊಂಡ್ವಿ. ನಮ್ ಸೊಸೆಗೂ ನಿಲ್ಲಲಿ ಅಂತ ನಾನೂ ಒಂದ್ ಕಟ್ದೆ."

"ಯಾವ್ದಕ್ಕೆ? ತೋರ್ಸಕ್ಕಾ!"

"ಹರಕೆ ತೋರ್ಸಿದ್ರೆ ಫಲಿಸ್ತದಾ? ತಲೆ ಹೋದ್ರೂ ತೋರ್ಸಲ್ಲ."

ಹೂಗಳೆಲ್ಲ ಒಣಗಿ ಒಂದೇ ಥರ ಕಡಲೆ ಗಾತ್ರದ ಈಚುಗಾಯಿ ಕಚ್ಚಿದ್ದವು. ತನ್ನವು ಯಾವುವು, ಅವರವು ಯಾವುವು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ.

"ಬಿಟ್ಬುಡ್ಲಾ, ಮುಗೀತು," ಎಂದ ಅಪ್ಪ.

"ದಾರ ಇರೋದೆಲ್ಲಾ ಬಿತ್ತೀನಿ. ನಂದ್ಯಾವ್ದು ಅಂತ ಬಿಸಿಲೇ ಹೇಳ್ಲಿ."

"ಅಷ್ಟಕ್ಕೂ ನೀರು?"

"ಹೊರ್ತೀನಿ."

ದಾರದ ಕಾಯಿಗಳು ಹಣ್ಣಾದಾಗ ಎಲ್ಲದರ ಬೀಜ ತೆಗೆದು ಸಸಿ ಮಾಡಿ ನೆಟ್ಟ. ಬಾವಿ ತಳ ಕಂಡ ಮೇಲೂ ಬಿಂದಿಗೆ ಹೊತ್ತ. ಹೆಗಲ ಚರ್ಮ ಸುಲಿದರೆ ಇನ್ನೊಂದು ಹೆಗಲಿಗೆ ಬದಲಾಯಿಸಿದ. ಕತ್ತರಿ ಬಿಸಿಲು ಬಂತು. ಸಾಲು ಸಾಲಾಗಿ ಹೂ ಉದುರಿ ನೆಲ ಹಳದಿಯಾಯಿತು. ಹೂ ಉದುರಿಸದ ಗಿಡಗಳೂ ಅಲ್ಲಲ್ಲಿ ಉಳಿದವು. ಅವುಗಳಲ್ಲಿ ನಿಂಬೆ ಗಾತ್ರದ ಕಾಯಿ, ಗೊಂಚಲು ಗೊಂಚಲಾಗಿ.

ರಾಮಕೃಷ್ಣಪ್ಪ ಕೂತು ಒಂದೊಂದನ್ನೇ ಹಿಸುಕಿ ನೋಡಿದ. ಹಿಪ್ಪುನೇರಳೆಯ ಮಾತೆತ್ತಲಿಲ್ಲ. "ಉದುರ್ಸಿದ್ವನ್ನೆಲ್ಲಾ ಕಿತ್ತಾಕ್ಲಾ, ಜಾಗ ಆಗ್ತದೆ."

"ಅವು ಹೆಂಗಸ್ರ ಹರಕೆ, ಇರ್ಲಿ. ಬೀಜ ಮಾತ್ರ ಇವುಗಳ್ದೇ ಹಿಡೀತೀನಿ. ಇನ್ನೂ ದಪ್ಪ ಆಗ್ಬೇಕು ಹಣ್ಣು, ಇನ್ನೊಂದಷ್ಟು ಬೇಸಿಗೆ ಬೇಕು."

"ಹಂಗಾದ್ರೆ ನೆಲ ಸಾಲಲ್ವಲ್ಲೋ."

"ಸಾಲಲ್ಲ," ಎಂದ ಚೆನ್ನಕೇಶವ ಬಿಂದಿಗೆ ಎತ್ತಿಕೊಳ್ಳುತ್ತ. "ಮೇಲಿನ ತುಂಡೂ ಬಿಟ್ಕೊಡಪ್ಪಾ."